ಕಚ್ಚಾ ಹೊಲಿಗೆಯ ಕೋಟು

ಟಿ.ವಿ.ಯಲ್ಲಿ ಬರುವ ಚಿತ್ರಪ್ರಶಸ್ತಿ ಸಮಾರಂಭದ ಬಗ್ಗೆ ಟೇಲರನಿಗೆ ಒಂದೇ ಅಭಿಪ್ರಾಯವಿತ್ತು: ಅಳತೆ ಸರಿಯಿಲ್ಲ. ಯಾರು ಗೆದ್ದರು, ಯಾರು ಅತ್ತರು ಎಂಬುದು ಅವನ ತಲೆಗೆ ಹೋಗುತ್ತಿರಲಿಲ್ಲ.

"ಇವನು ಶ್ರೇಷ್ಠ ನಿರ್ದೇಶಕನಂತೆ. ಭುಜ ನೋಡೇ, ಹ್ಯಾಂಗರ್ ತೆಗೆಯೋದೇ ಮರ್ತಿದಾನೆ."

"ಸುಮ್ನೆ ನೋಡ್ರೀ," ಎಂದಳು ಹೆಂಡತಿ.

ಈ ಸಲ ಮಾತ್ರ ಅವನಿಗೆ ಫಲಿತಾಂಶವೂ ಬೇಕಿತ್ತು. ಪೋಷಕ ನಟನ ಪ್ರಶಸ್ತಿಗೆ ನಿಂತಿದ್ದ ಖಳನಾಯಕನ ಕೋಟು ಇವರ ಅಂಗಡಿಯದು. ಗೆದ್ದರೆ ವೇದಿಕೆಯ ಮೇಲೆ ಅಂಗಡಿಯ ಹೆಸರು ಹೇಳುತ್ತೇನೆಂದು ಅವನು ಮಾತು ಕೊಟ್ಟಿದ್ದ. ಎದುರಿಗೆ ರೆಡಿಮೇಡ್ ಅಂಗಡಿ ತೆರೆದ ಮೇಲೆ ಇವರಲ್ಲಿಗೆ ಬರುತ್ತಿದ್ದವರೆಲ್ಲ ಅಲ್ಲಿ ಕೊಂಡ ಪ್ಯಾಂಟನ್ನು ಗಿಡ್ಡ ಮಾಡಿಸಿಕೊಳ್ಳುವವರೇ. ಆ ಹೆಸರೊಂದು ಟಿ.ವಿ.ಯಲ್ಲಿ ಬಂದರೆ ಅಂಗಡಿ ಉಳಿಯುತ್ತಿತ್ತು.

ಕ್ಯಾಮೆರಾ ಖಳನಾಯಕನ ಹತ್ತಿರ ಹೋಯಿತು. ಕಪ್ಪು ಕೋಟಿನ ಭುಜದ ಮೇಲೆ ಬಿಳಿ ದಾರ ಕಂಡಿತು. ಟೇಲರ್ ಎದ್ದು ನಿಂತ.

"ಏ, ಆ ತೋಳುಗಳನ್ನ ನೀನು ಮೆಷಿನ್‌ಗೆ ಹಾಕಿದ್ದೆ ತಾನೆ?"

"ಯಾವ ತೋಳು? ಕೋಟು ಬಾಗಿಲ ಗೂಟದಲ್ಲಿತ್ತು. ಮುಗಿದಿದೆ ಅಂತ ಅವರ ಡ್ರೈವರ್ ಕೈಗೆ ಕೊಟ್ಟೆ."

ಇವರ ಅಂಗಡಿಯ ಪದ್ಧತಿಯೇ ಹಾಗೆ. ಅವನು ಕತ್ತರಿಸಿ, ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿ ಕಿಟಕಿಯ ಗೂಟಕ್ಕೆ ನೇತುಹಾಕಬೇಕು. ಅವಳು ಮೆಷಿನ್‌ನಲ್ಲಿ ಗಟ್ಟಿ ಹೊಲಿದು ಬಾಗಿಲ ಗೂಟಕ್ಕೆ ಹಾಕಬೇಕು. ಬಾಗಿಲಿಗೆ ಬಂದದ್ದು ಮುಗಿದ ಮಾಲು.

"ಕಿಟಕಿ ಗೂಟದಲ್ಲಿ ನಿಮ್ಮಮ್ಮನ ಒದ್ದೆ ಛತ್ರಿ ಇತ್ತು ಕಣೇ! ಅದಕ್ಕೇ ಬಾಗಿಲಿಗೆ ಹಾಕ್ದೆ!"

"ನನ್ನ ಛತ್ರಿ ಸುದ್ದಿಗೆ ಬರಬೇಡಿ ಅಳಿಯಂದ್ರೇ," ಎಂದರು ಮೂಲೆಯ ಕುರ್ಚಿಯಿಂದ ಅತ್ತೆ.

ಖಳನಾಯಕ ಕೈ ಎತ್ತಿದರೆ ತೋಳು ಕಿತ್ತು ಬರುವುದು ಖಂಡಿತ. ಅವನೋ ಬಾಗಿಲು ತೆರೆಯುವ ದೃಶ್ಯದಲ್ಲೂ ಎರಡೂ ಕೈ ಮೇಲೆತ್ತಿ ಅಬ್ಬರಿಸುವ ಆಸಾಮಿ.

"ದೇವರೇ, ಇವನು ಸೋಲಲಿ!"

"ನಿಮ್ಮ ಬಾಯಲ್ಲಿ ಒಳ್ಳೇದು ಬರೋದೇ ಇಲ್ವಾ? ಗೆದ್ರೆ ತಾನೆ ಹೆಸರು ಹೇಳೋದು?"

"ಹೆಸರು ಹೇಳ್ತಾ ಹೇಳ್ತಾ ತೋಳು ಬಿದ್ರೆ?"

ಅವಳಿಗೂ ದೇವರಲ್ಲಿ ಏನು ಕೇಳಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಲಕೋಟೆ ಹರಿದರು. ಖಳನಾಯಕ ಗೆದ್ದಿದ್ದ.

ಅವನು ಕೈ ಎತ್ತಲಿಲ್ಲ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ವೇದಿಕೆ ಹತ್ತಿದ. ಅತಿಥಿ ಅಪ್ಪಿಕೊಳ್ಳಲು ಬಂದಾಗ ಹಿಂದೆ ಸರಿದು ತಲೆ ಬಾಗಿಸಿದ. ಪ್ರಶಸ್ತಿಯನ್ನು ಹೊಟ್ಟೆಯ ಹತ್ತಿರ, ಬಿಸಿ ಪಾತ್ರೆ ಹಿಡಿದಂತೆ ಹಿಡಿದುಕೊಂಡ.

"ಎಂಥಾ ವಿನಯ!" ಎಂದು ನಿರೂಪಕಿ ಗದ್ಗದಿತಳಾದಳು. ಸಭೆ ಎದ್ದು ನಿಂತಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡಿ ಕಲೀರಿ ಅಳಿಯಂದ್ರೇ," ಎಂದರು.

ತೋಳಿನ ವಿಷಯ ಖಳನಾಯಕನಿಗೆ ಗೊತ್ತಾಗಿಬಿಟ್ಟಿದೆ ಎಂದು ಟೇಲರನಿಗೆ ಗೊತ್ತಾಯಿತು.

ಖಳನಾಯಕ ಹಲ್ಲು ಕಚ್ಚಿಕೊಂಡೇ ಮಾತಾಡಿದ. "ನಾನಿವತ್ತು ಇಲ್ಲಿ ಹೀಗೆ ನಿಂತಿರೋದಕ್ಕೆ ಒಬ್ಬನೇ ಕಾರಣ. ನನ್ನ ಟೇಲರ್." ಅಂಗಡಿಯ ಹೆಸರು ಹೇಳಿದ, ಬೀದಿ ಹೇಳಿದ, ಯಾವ ತಿರುವಿನಲ್ಲಿ ತಿರುಗಬೇಕೆಂದೂ ಹೇಳಿದ. "ನಾಳೆ ಬೆಳಿಗ್ಗೆ ನಾನೇ ಖುದ್ದಾಗಿ ಹೋಗಿ ಅವನಿಗೆ ಸನ್ಮಾನ ಮಾಡ್ತೀನಿ." ಚಪ್ಪಾಳೆ ನಿಲ್ಲಲೇ ಇಲ್ಲ.

"ಹೆಸರು ಬಂತು ರೀ!" ಎಂದು ಹೆಂಡತಿ ಕುಣಿದಳು. ಟೇಲರ್ ಹೋಗಿ ಬಾಗಿಲ ಚಿಲಕ ಹಾಕಿ ಬಂದ.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಅವನು ಹೆದರುತ್ತಲೇ ಎತ್ತಿದ. ಒಬ್ಬ ನಿರ್ದೇಶಕ.

"ಅವನ ಪಕ್ಕದ ಸೀಟಲ್ಲೇ ಕೂತಿದ್ದೆ ಕಣ್ರೀ, ದಾರ ನೋಡ್ದೆ. ಇಪ್ಪತ್ತು ವರ್ಷದಿಂದ ನಮ್ಮ ಕೈಲಿ ಆಗದೇ ಇದ್ದದ್ದನ್ನ ನೀವು ಮಾಡಿದೀರಿ. ನಮ್ಮ ಹೀರೋನೂ ಮಾತಿಗೊಂದು ಸಲ ಕೈ ಬೀಸ್ತಾನೆ. ಅವನಿಗೂ ಅಂಥದೇ ಒಂದು ಹೊಲಿದುಕೊಡ್ತೀರಾ?"

ಟೇಲರ್ ಗಂಟಲು ಸರಿಮಾಡಿಕೊಂಡ. "ತುಂಬಾ ನಾಜೂಕಿನ ಕೆಲಸ ಸಾರ್, ಎಲ್ಲರಿಗೂ ಬರಲ್ಲ. ಮಾಡಿಕೊಡೋಣ. ಆದ್ರೆ ನಾಳೆ ಮಧ್ಯಾಹ್ನದ ಮೇಲೆ ಬನ್ನಿ. ಬೆಳಿಗ್ಗೆ ನಾವು ಊರಲ್ಲಿರಲ್ಲ."