ಹದಿಮೂರು ನಿಮಿಷ ಮೊದಲಿನ ಚಂದ್ರ

ಸಂಕಷ್ಟಿಯ ದಿನ ಸಾವಿತ್ರಿ ಪಂಚಾಂಗದ ಹೊತ್ತಾಗದೆ, ಚಂದ್ರನನ್ನು ಕಣ್ಣಾರೆ ನೋಡದೆ ತುತ್ತು ಮುಟ್ಟುವವಳಲ್ಲ. ಹೈದರಾಬಾದಿನಲ್ಲಿ ಊರಿಗೆ ಊರೇ ಸಾಫ್ಟ್‌ವೇರ್ ಸಾಫ್ಟ್‌ವೇರ್ ಎಂದು ಕುಣಿಯುತ್ತಿದ್ದ ಕಾಲ ಅದು. ಹಿಮಾಯತ್‌ನಗರದ ಅವರ ಮನೆಯ ಪೂರ್ವಕ್ಕೂ ಒಂದು ಏಳಂತಸ್ತಿನ ಆಫೀಸು ಏಳುತ್ತಿತ್ತು. ಹೀಗಾಗಿ ಚಂದ್ರ ಹುಟ್ಟಿದ ಮೇಲೂ ಮುಕ್ಕಾಲು ಗಂಟೆ ಆ ಸಿಮೆಂಟಿನ ಹಿಂದೆಯೇ ಇರಬೇಕಾಗುತ್ತಿತ್ತು. ಹೋದ ಸಂಕಷ್ಟಿಗೆ ಕಾಯುತ್ತ ಕಾಯುತ್ತ ಸಾವಿತ್ರಿ ಅರ್ಘ್ಯದ ತಂಬಿಗೆ ಹಿಡಿದುಕೊಂಡೇ ಮಾಳಿಗೆಯ ಮೇಲೆ ತಲೆಸುತ್ತಿ ಬಿದ್ದಳು.

ಮೊದಲೇ ಸಕ್ಕರೆ ಕಾಯಿಲೆಯವಳು. ಉಪವಾಸ ಬಿಡಬೇಕು, ಇಲ್ಲವೇ ರಾತ್ರಿ ಒಂಬತ್ತರೊಳಗೆ ಉಣ್ಣಬೇಕು, ಇನ್ನೊಮ್ಮೆ ಹೀಗೆ ಬಿದ್ದರೆ ಎಬ್ಬಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ತೆಲುಗಿನಲ್ಲಿ ಖಡಾಖಂಡಿತವಾಗಿ ಹೇಳಿದರು. ಸಾವಿತ್ರಿ ತಲೆಯಾಡಿಸಿದಳು. ಗಂಡ ಹನುಮಂತರಾಯರಿಗೆ ಅದರ ಅರ್ಥ ಗೊತ್ತಿತ್ತು. ಎರಡನ್ನೂ ಮಾಡುವುದಿಲ್ಲ ಅಂತ.

ರಾಯರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ಆದರೆ ಹೇಳಿದ ಹೊತ್ತಿಗೆ ಬಾರದವನು ಯಾರೇ ಆಗಲಿ, ಅವರಿಗೆ ಸಿಟ್ಟು. ಮರುದಿನವೇ ಅಬಿಡ್ಸ್ ಪೇಟೆಗೆ ಹೋಗಿ ಉದ್ದನೆಯ ನೋಟುಬುಕ್ಕು ತಂದು, ಹುಟ್ಟುವ ಹೊತ್ತು, ಮುಳುಗುವ ಹೊತ್ತು, ಆಕಾರ, ಷರಾ ಎಂದು ನಾಲ್ಕು ಕಾಲಂ ಎಳೆದರು.

ಮನೆಯಿಂದ ಮುಳುಗುವುದು ಕಾಣುತ್ತಿತ್ತು, ಹುಟ್ಟುವುದು ಕಾಣುತ್ತಿರಲಿಲ್ಲ. ಅದಕ್ಕೆ ಕಟ್ಟಡದ ಆಚೆ ಬದಿಗೇ ಹೋದರು. ಅಲ್ಲಿ ಪೂರ್ವಕ್ಕೆಲ್ಲ ಬಯಲು. ಅಂಚಿಗೆ ಒಂದು ತಗಡಿನ ಶೆಡ್ಡು. ಅದರಲ್ಲಿ ದೇವದುರ್ಗದ ಕಡೆಯಿಂದ ಬಂದ ವಾಚ್‌ಮನ್ ಮೌನಪ್ಪ ಮತ್ತು ಅವನ ಹೆಂಡತಿ ಗದಿಗೆಮ್ಮ.

"ಯಾರ್ರಿ ನೀವು? ಏನ್ ಬರ್ಕೊಳ್ಳಾಕತ್ತೀರಿ?" ಎಂದ ಮೌನಪ್ಪ.

"ಚಂದ್ರ ಎಷ್ಟೊತ್ತಿಗೆ ಬರ್ತಾನ ಅಂತ."

ನಂಬುವ ಮಾತೇ ಅದು? ಮೌನಪ್ಪ ಹೋಗಿ ಇಂಜಿನಿಯರನಿಗೆ ಹೇಳಿದ. ಕಟ್ಟಡ ಎಷ್ಟು ಅಡಿ ಜಾಸ್ತಿ ಎದ್ದಿದೆ ಎಂದು ಅಳೆಯಲು ಯಾರೋ ಸರಕಾರಿ ಮನುಷ್ಯ ಬಂದಿದ್ದಾನೆಂದು ಇಂಜಿನಿಯರ ಹೆದರಿದ. ದಿನಾ ಒಂದು ಕುರ್ಚಿ, ಒಂದು ಇರಾನಿ ಚಹಾ ಕಳಿಸತೊಡಗಿದ. ರಾಯರು ಚಹಾ ಕುಡಿದರು. ಷರಾದಲ್ಲಿ ಅದನ್ನೂ ಬರೆದರು.

ಚಂದ್ರ ದಿನದಿನಕ್ಕೂ ಮುಕ್ಕಾಲು ಗಂಟೆ, ಒಂದು ಗಂಟೆ ತಡ ಮಾಡುತ್ತ ಹೋದ. ಆಮೇಲಾಮೇಲೆ ಅವನಿಗಾಗಿ ಕೋಳಿ ಕೂಗುವ ಮೊದಲೇ ಏಳಬೇಕಾಯಿತು. ಅಮಾವಾಸ್ಯೆಯ ಸಾಲಿನಲ್ಲಿ ರಾಯರು 'ಗೈರುಹಾಜರಿ' ಎಂದು ಬರೆದರು. ಮುಂದೆ ಹಗಲಲ್ಲೇ ಹುಟ್ಟತೊಡಗಿದಾಗ ಬಿಸಿಲಲ್ಲಿ ಹುಡುಕಿ ಹುಡುಕಿ ಕಣ್ಣಲ್ಲಿ ನೀರು ಬಂತು.

"ಈ ವಯಸ್ಸಿನ್ಯಾಗ ಚಂದ್ರನ ಬೆನ್ನ ಹತ್ತೀರಲ್ರಿ, ಮಂದಿ ಏನಂದಾರು?" ಎಂದು ಸಾವಿತ್ರಿ ನಗುತ್ತಿದ್ದಳು.

ಹುಣ್ಣಿಮೆಯ ದಿನ ರಾಯರು ತಮ್ಮ ಬರಹವನ್ನು ಗೋಡೆಯ ಪಂಚಾಂಗಕ್ಕೆ ತಾಳೆ ನೋಡಿದರು. ಕಣ್ಣಿಗೆ ಬಿದ್ದ ದಿನವೆಲ್ಲ ಚಂದ್ರ ಪಂಚಾಂಗಕ್ಕಿಂತ ಹದಿಮೂರು ನಿಮಿಷ ಮೊದಲೇ ಹುಟ್ಟಿದ್ದ. ಗಡಿಯಾರ ತಪ್ಪಿರಲಿಲ್ಲ, ಅದು ತಪ್ಪುವ ಮನೆ ಅದಲ್ಲ. ಕೊನೆಗೆ ಕನ್ನಡಕ ಏರಿಸಿ ಪಂಚಾಂಗದ ಬುಡದ ಸಣ್ಣ ಅಕ್ಷರ ಓದಿದರೆ, ಹೊತ್ತೆಲ್ಲ ಹುಬ್ಬಳ್ಳಿಯದು! ಹುಬ್ಬಳ್ಳಿಯ ತವರಿನಿಂದ ಸಾವಿತ್ರಿಗೆ ಪ್ರತಿವರ್ಷ ತಪ್ಪದೆ ಬರುವ ಪಂಚಾಂಗ. ಹೈದರಾಬಾದು ಅಲ್ಲಿಗಿಂತ ಮೂಡಣಕ್ಕಿದೆ, ಇಲ್ಲಿ ಚಂದ್ರ ಮೊದಲು ಬರುತ್ತಾನೆ.

ರಾಯರು ಕೂತಲ್ಲೇ ಗುಣಿಸಿದರು. ಈ ಊರಿನ ಸಂಸಾರಕ್ಕೆ ಇಪ್ಪತ್ತೆಂಟು ವರ್ಷ, ವರ್ಷಕ್ಕೆ ಹನ್ನೆರಡು ಸಂಕಷ್ಟಿ, ಸಂಕಷ್ಟಿಗೆ ಹದಿಮೂರು ನಿಮಿಷ. ಒಟ್ಟು ಮೂರು ದಿನ, ನಲವತ್ತೆಂಟು ನಿಮಿಷ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮಾಲು ವಾಪಸು ಕಳಿಸುತ್ತಿದ್ದ ಮನುಷ್ಯ ಮನೆಯಲ್ಲಿ ಹೆಂಡತಿಯನ್ನು ಮೂರು ದಿನ ಸುಮ್ಮಸುಮ್ಮನೆ ಹಸಿವಿನಲ್ಲಿ ಕೂಡಿಸಿದ್ದ. ಅವರಿಗೆ ಬಹಳ ನಾಚಿಕೆಯಾಯಿತು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ.

ಸಂಕಷ್ಟಿ ಬಂತು. ಪಂಚಾಂಗದಲ್ಲಿ ಚಂದ್ರೋದಯ ಒಂಬತ್ತು ಗಂಟೆ ಎಂಟು ನಿಮಿಷಕ್ಕೆ. ರಾಯರ ಲೆಕ್ಕದಲ್ಲಿ ಎಂಟು ಐವತ್ತೈದಕ್ಕೆ. ಡಾಕ್ಟರು ಕೊಟ್ಟ ಗಡುವಿಗೆ ಐದು ನಿಮಿಷ ಉಳಿಯುತ್ತಿತ್ತು. ಅವರು ಊಟದ ಡಬ್ಬಿ ಹಿಡಿದು ಹೆಂಡತಿಯನ್ನು ಶೆಡ್ಡಿನ ಹತ್ತಿರ ಕರೆತಂದರು. ಗದಿಗೆಮ್ಮ ಗೋಣಿಚೀಲ ಹಾಸಿ ಕೂರಿಸಿದಳು.

ಎಂಟು ಐವತ್ತೈದಕ್ಕೆ ಬಯಲಿನ ತುದಿಯಲ್ಲಿ ಚಂದ್ರ ಕೆಂಪಗೆ ಎದ್ದ. ಸಾವಿತ್ರಿ ಅರ್ಘ್ಯ ಬಿಟ್ಟಳು, ಕೈಮುಗಿದಳು. ರಾಯರು ಡಬ್ಬಿ ಬಿಚ್ಚಿದರು. ಅವಳು ಮುಚ್ಚಿದಳು.

"ಇನ್ನೂ ಹೊತ್ತೈತ್ರಿ."

ಈಗ ಹೇಳದೆ ವಿಧಿಯಿರಲಿಲ್ಲ. ರಾಯರು ಹದಿಮೂರು ನಿಮಿಷದ ಕಥೆಯನ್ನೆಲ್ಲ ಹೇಳಿ, "ತಪ್ಪು ನಂದು" ಎಂದರು.

"ನಂಗ ಗೊತ್ತೈತ್ರಿ."

"ಏನ್ ಗೊತ್ತೈತಿ?"

"ಇಲ್ಲೆ ಮೊದಲ ಬರ್ತಾನಂತ. ಈ ಊರಿಗೆ ಬಂದ ವರ್ಷನ ನೋಡೀನಿ. ಹುಬ್ಬಳ್ಯಾಗ ಅವ್ವನೂ ಉಪಾಸ ಇರ್ತಿದ್ದಳಲ್ರಿ. ಆಕಿಗೆ ಚಂದ್ರ ಕಾಣೂತನಕ ನಾ ಹ್ಯಾಂಗ ಉಣ್ಣಲಿ? ಆಕಿ ಅಲ್ಲೆ, ನಾ ಇಲ್ಲೆ, ಇಬ್ಬರೂ ಕೂಡೇ ಉಣ್ತಿದ್ವಿ."

"ಅವ್ವ ಹೋಗಿ ಆರು ವರ್ಷ ಆತಲ್ಲ, ಸಾವಿತ್ರಿ."

"ಆಕಿ ಹೋದಳು. ನಾ ಒಬ್ಬಾಕಿನ ಮೊದಲ ಉಂಡ್ರ ನಂಗ ಗಂಟಲದಾಗ ಇಳಿಯೂದಿಲ್ರಿ."

ಗಡಿಯಾರದಲ್ಲಿ ಎಂಟು ಐವತ್ತೆಂಟು. ಚಳಿಗಾಲದಲ್ಲೂ ಸಾವಿತ್ರಿಯ ಹಣೆ ಬೆವರಿತ್ತು. "ಯಪ್ಪಾ, ಅಮ್ಮಾರ ಕೈ ನಡಗಾಕತ್ತಾವ ನೋಡ್ರಿ" ಎಂದಳು ಗದಿಗೆಮ್ಮ. ರಾಯರಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಅವರು ತುತ್ತು ಕಲಸಿ ಹೆಂಡತಿಯ ಬಾಯಿಯ ಹತ್ತಿರ ಹಿಡಿದರು.

"ನೀ ಉಣ್ಣು. ಅವ್ವನ ಸಲುವಾಗಿ ಇವತ್ತ ನಾ ಕಾಯ್ತೀನಿ."

"ನೀವಾ? ಒಂದಿನಾನೂ ಉಪಾಸ ಮಾಡಿದವರಲ್ಲ."

"ಮುಂಜಾನಿಂದ ನಾನೂ ಏನೂ ತಿಂದಿಲ್ಲ. ಬಾಯಿ ತಗಿ."

ಸಾವಿತ್ರಿ ಗಂಡನ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು.

ರಾಯರು ಗೋಣಿಚೀಲದ ಮೇಲೆ ಪಡುವಣಕ್ಕೆ ತಿರುಗಿ ಕೂತರು. ಹುಬ್ಬಳ್ಳಿ ಇರುವುದು ಆ ಕಡೆ. ನಡುವೆ ಏಳಂತಸ್ತಿನ ಕಟ್ಟಡ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಗದಿಗೆಮ್ಮ ಎರಡು ಸಲ ಚಹಾ ಬೇಕೇನೆಂದು ಕೇಳಿದಳು, ಎರಡು ಸಲವೂ ಬೇಡವೆಂದರು. ಒಂಬತ್ತು ಗಂಟೆ ಎಂಟು ನಿಮಿಷವಾದಾಗ, "ಈಗ ಅವ್ವಗ ಕಂಡ" ಎಂದು ಹೇಳಿ ಡಬ್ಬಿಯತ್ತ ಕೈ ಚಾಚಿದರು.