ವಕೀಲ ಮುಕುಂದಯ್ಯನವರ ರೇಡಿಯೋ

ಹೊಸನಗರದ ವಕೀಲ ಮುಕುಂದಯ್ಯನವರನ್ನು ಕಣ್ಣಿನಿಂದ ಕಾಣುವ ಮೊದಲು ಕಿವಿಯಿಂದ ಕಾಣಬೇಕಾಗಿತ್ತು. ಹಲಸಿನ ಮರದ ದಪ್ಪ ಹಾವುಗೆಗಳ ಗುಬುಟನ್ನು ಕಾಲ್ಬೆರಳುಗಳ ನಡುವೆ ಬಿಗಿಹಿಡಿದು, ಬಲಗಾಲನ್ನು ಒತ್ತಿ, ಎಡಗಾಲನ್ನು ಹಗುರವಾಗಿ ಎತ್ತಿ ಅವರು ಮನೆಯೊಳಗೆ ಸಂಚರಿಸುವಾಗ ಸಿಮೆಂಟಿನ ನೆಲದಿಂದ ಏಳುತ್ತಿದ್ದ ಸದ್ದಿನಲ್ಲೇ ಅವರ ಅಂದಿನ ಮನಃಸ್ಥಿತಿ ಅಡಿಗೆಮನೆಯವರೆಗೂ ತಿಳಿಯುತ್ತಿತ್ತು. ಕೋರ್ಟಿಗೆ ಹೋಗುವಾಗ ಮಾತ್ರ ಬೂಟು. ಉಳಿದಂತೆ ದೇವರ ಕೋಣೆ ಮತ್ತು ಊಟದ ಪಂಕ್ತಿಯನ್ನು ಬಿಟ್ಟರೆ ಅವರ ಅಂಗಾಲು ನೆಲಕ್ಕೆ ತಾಗಿದ್ದನ್ನು ಹೆಂಡತಿ ವಾಗ್ದೇವಿ ಕಂಡದ್ದಿಲ್ಲ. ಸಿಮೆಂಟಿನ ತಂಪು ಮಂಡಿಗೆ ಏರುತ್ತದೆಂದು ತೀರ್ಥಹಳ್ಳಿಯ ಪಂಡಿತರೊಬ್ಬರು ಎಂದೋ ಹೇಳಿದ್ದರಂತೆ. ಜೀವಮಾನದಲ್ಲಿ ಅವರು ಸಾಕ್ಷಿ ಕೇಳದೆ ನಂಬಿದ ಮಾತು ಬಹುಶಃ ಅದೊಂದೇ.

ಏಕೆಂದರೆ ಮತ್ತೆಲ್ಲದಕ್ಕೂ ಅವರು ಸಾಕ್ಷಿ ಕೇಳುತ್ತಿದ್ದರು. ಹಾಲು ಒಡೆದಿದೆ ಎಂದರೆ, "ಸಾಕ್ಷಿ ಏನು?" ತಲೆನೋವು ಎಂದರೆ, "ಸಾಕ್ಷಿ ಏನು?" ಮೊದಮೊದಲು ವಾಗ್ದೇವಿ ಇದನ್ನು ತಮಾಷೆಯೆಂದು ತಿಳಿದು ನಕ್ಕಿದ್ದಳು. ಕಕ್ಷಿಗಾರರು ಜಗಲಿಗೆ ಬಂದರೆಂದು ತಿಳಿದೊಡನೆ ಬರೀ ಬನಿಯನ್ನಿನ ಮೇಲೆಯೇ ಮೊಳೆಯಲ್ಲಿ ತೂಗುತ್ತಿದ್ದ ಕರಿಕೋಟನ್ನು ಏರಿಸಿಕೊಂಡು, ಕೆಳಗೆ ಮಾಸಿದ ಪಂಚೆಯಲ್ಲಿ ಗಂಭೀರವಾಗಿ ಹೊರಟು ನಿಲ್ಲುವ ಆ ವಿಚಿತ್ರ ವೇಷವನ್ನೂ ಅವಳು ಪ್ರೀತಿಯಿಂದಲೇ ನೋಡಿದ್ದಳು. ಎಷ್ಟೋ ಕಾಲದ ಮೇಲೆ ಅವಳಿಗೆ ಅರ್ಥವಾಯಿತು: ಆ ಕೋಟು ಮೊಳೆಯಲ್ಲಿದ್ದಾಗಲೂ ಅವರ ಮೈಮೇಲೇ ಇರುತ್ತಿತ್ತು.

ಲಿಂಗನಮಕ್ಕಿಯ ಅಣೆಕಟ್ಟಿನ ಕೆಲಸ ಮುಗಿದು ಊರಿಗೆ ಮರಳುತ್ತಿದ್ದ ಇಂಜಿನಿಯರೊಬ್ಬರಿಂದ ಮುಕುಂದಯ್ಯನವರು ಒಂದು ರೇಡಿಯೋ ಕೊಂಡರು. ಸಾಗರದಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡಂತೆ ಅದನ್ನು ಕೂರಿಸಿಕೊಂಡು ಬಂದರು. ಊರಿಗೆ ಕರೆಂಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ಪಡಸಾಲೆಯ ಗೋಡೆಗೆ ಹಲಗೆ ಹೊಡೆದು ರೇಡಿಯೋವನ್ನು ಸ್ಥಾಪಿಸಿ, ಅದಕ್ಕೊಂದು ಕಸೂತಿಯ ಮುಸುಕು ಹಾಕಿದ್ದಾಯಿತು. ಆದರೆ ಧ್ವನಿಯನ್ನು ಏರಿಸಿ ಇಳಿಸುವ ಕರಿಯ ತಿರುಪು ಬಸ್ಸಿನ ಕುಲುಕಾಟಕ್ಕೆ ಬಿರುಕು ಬಿಟ್ಟಿತ್ತು. ಕೆಲವು ವಾರಗಳಲ್ಲಿ ಅದು ಎರಡು ಹೋಳಾಗಿ ಬಿದ್ದು, ಅದರ ಜಾಗದಲ್ಲಿ ಕಿರುಬೆರಳಿಗಿಂತ ತೆಳ್ಳಗಿನ ಲೋಹದ ಕಡ್ಡಿಯೊಂದು ಬೋಳಾಗಿ ಉಳಿಯಿತು.

"ಸಾಗರದಲ್ಲಿ ರಿಪೇರಿಗೆ ಕೊಡಬಹುದಿತ್ತು" ಎಂದಳು ವಾಗ್ದೇವಿ.

"ಎಂತಕ್ಕೆ? ಕಡ್ಡಿ ತಿರುಗಿಸಿದ್ರೆ ಕೆಲಸ ನಡೀತದಲ್ಲ. ರಿಪೇರಿಯವರು ಒಳಗಿನ ಒಳ್ಳೇ ಸಾಮಾನು ತೆಗೆದು ಕೆಟ್ಟದ್ದು ತುಂಬಿ ಕಳಿಸ್ತಾರೆ."

ಆ ಮನೆಯಲ್ಲಿ ರೇಡಿಯೋವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳು ಮುಕುಂದಯ್ಯನವರ ತಂಗಿ ತುಂಗಾ. ತಾಯಿ ತೀರಿಕೊಂಡ ಮೇಲೆ ತೀರ್ಥಹಳ್ಳಿಯಿಂದ ಬಂದು ಅಣ್ಣನ ಮನೆಯಲ್ಲಿದ್ದ ಈ ಹುಡುಗಿ ಹೈಸ್ಕೂಲು ಮುಗಿಸಿದ್ದಳು. ಕೇಳಿದ ಹಾಡನ್ನು ಒಂದೇ ಸಲಕ್ಕೆ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದಳು. ಅಣ್ಣ ಹೊರಗೆ ಹೋದೊಡನೆ ಅವನ ನಡಿಗೆಯನ್ನು ಬರಿಗಾಲಲ್ಲೇ, ನಾಲಿಗೆಯಲ್ಲಿ ಟಕಟಕ ಸದ್ದು ಮಾಡುತ್ತ ನಡೆದು ತೋರಿಸಿ ಅತ್ತಿಗೆಯನ್ನು ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದಳು. ಆ ಕಡ್ಡಿಯಲ್ಲಿ ಏನೋ ಇದೆಯೆಂದು ಮೊದಲು ಹೇಳಿದವಳೂ ಅವಳೇ.

"ಅತ್ತಿಗೆ, ಇವತ್ತು ರೇಡಿಯೋಕ್ಕೆ ಸಿಟ್ಟು ಬಂದದೆ ನೋಡಿ. ಜುಮ್ ಅಂತದೆ."

ವಾಗ್ದೇವಿ ಮುಟ್ಟಿ ನೋಡಿದಳು. ಹೌದು, ಇರುವೆಗಳ ಸಾಲೊಂದು ಬೆರಳಿನಿಂದ ಮೊಣಕೈಗೆ ಓಡಿದ ಹಾಗಾಯಿತು. ರಾತ್ರಿ ಕಿತ್ತಿಟ್ಟ ವೈರನ್ನು ಸಿಕ್ಕಿಸಿ ಮರುದಿನ ಮುಟ್ಟಿದರೆ ಏನೂ ಇರಲಿಲ್ಲ. ಅದರ ಮರುದಿನ ಮತ್ತೆ ಇತ್ತು. ಅವಳು ಗಂಡನಿಗೆ ಹೇಳಿದಳು. ಮುಕುಂದಯ್ಯನವರು ಎದ್ದು, ಹಾವುಗೆ ಮೆಟ್ಟಿಕೊಂಡು ಪಡಸಾಲೆಗೆ ಬಂದು, ಎರಡು ಬೆರಳುಗಳಿಂದ ಕಡ್ಡಿಯನ್ನು ಹಿಡಿದು ಆಚೆಗೂ ಈಚೆಗೂ ತಿರುಗಿಸಿ, ಹೆಂಡತಿಯ ಕಡೆ ನೋಡಿದರು.

"ಎಲ್ಲಿ? ನನಗೆ ಹೊಡೀದ ಕರೆಂಟು ನಿಮಗೆ ಹ್ಯಾಗೆ ಹೊಡೀತದೆ? ಅದಕ್ಕೆ ಗಂಡಸು ಹೆಂಗಸು ಅಂತ ಭೇದ ಉಂಟಾ?"

"ನಿನ್ನೆ ಹೊಡೀತು."

"ಮೊನ್ನೆ?"

"ಮೊನ್ನೆ ಇರಲಿಲ್ಲ."

"ನೋಡು, ಸಾಕ್ಷಿಯ ಮಾತಲ್ಲೇ ವಿರೋಧ!" ಎಂದು ಅವರು ತೃಪ್ತಿಯಿಂದ ಎಲೆಯಡಿಕೆಯ ತಟ್ಟೆಗೆ ಮರಳಿದರು.

ಆಮೇಲೆ ಒಂದು ದಿನ ವಾಗ್ದೇವಿ ಹಲಗೆಯ ಮೇಲಿನ ಧೂಳು ಒರೆಸಲು ಊಟದ ಮಣೆಯ ಮೇಲೆ ಹತ್ತಿ ನಿಂತಿದ್ದವಳು ಹಾಗೇ ಕಡ್ಡಿಯನ್ನು ಮುಟ್ಟಿದಳು, ಏನೂ ಆಗಲಿಲ್ಲ. ಇಳಿದು ಮುಟ್ಟಿದಳು, ಚುರುಕ್ಕೆಂದಿತು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಕಾರಣ ಅವಳಿಗೆ ತಿಳಿಯಲಿಲ್ಲ, ಆದರೆ ದಾರಿ ತಿಳಿಯಿತು. ಅಂದಿನಿಂದ ರೇಡಿಯೋದ ಕೆಳಗೆ ಒಂದು ಮಣೆ ಕಾಯಂ ಆಯಿತು. ತುಂಗಾ ಅದರ ಮೇಲೆ ನಿಂತು, ಕಡ್ಡಿ ತಿರುಗಿಸಿ, ಅಲ್ಲೇ ನಿಂತು ಹಾಡೆಲ್ಲ ಮುಗಿಯುವವರೆಗೆ ಕೇಳುತ್ತಿದ್ದಳು. ಬಹಳ ದಿನ ನೆಮ್ಮದಿಯಾಗಿತ್ತು.

ಮಣೆ ಮುಕುಂದಯ್ಯನವರ ಕಣ್ಣಿಗೆ ಬಿದ್ದದ್ದು ಕಕ್ಷಿಗಾರರೊಬ್ಬರು, "ಇದೆಂತ ವಕೀಲ್ರೇ, ರೇಡಿಯೋಕ್ಕೂ ಮಣೆ ಹಾಕಿ ಊಟಕ್ಕೆ ಕರೀತೀರಾ?" ಎಂದು ನಕ್ಕ ದಿನ. ಕಕ್ಷಿಗಾರರು ಹೋದ ಮೇಲೆ ಹಾವುಗೆಯ ಸದ್ದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿತು.

"ನನ್ನ ಮನೆಯ ಪಡಸಾಲೆಯಲ್ಲಿ ನಿಮ್ಮ ಭ್ರಮೆಗೆ ಮಣೆ ಹಾಕಬೇಕಾ?"

"ಭ್ರಮೆ ಅಲ್ಲ. ನೀವು ಒಂದು ಸಲ ಹಾವುಗೆ ಬಿಟ್ಟು ಮುಟ್ಟಿ ನೋಡಿ" ಎಂದಳು ವಾಗ್ದೇವಿ. ಅದುವರೆಗೆ ಅವಳು ಗಂಡನಿಗೆ ಹೀಗೆ ಮಾಡಿ ನೋಡಿ ಎಂದು ಎಂದೂ ಹೇಳಿರಲಿಲ್ಲ.

"ನನಗೆ ಪರೀಕ್ಷೆ ಕೊಡ್ತೀಯಾ?" ಎಂದರು ಅವರು, ಮೆಲ್ಲಗೆ. ಮಣೆ ಅಟ್ಟ ಸೇರಿತು.

ಅರವತ್ತೈದರ ಸೆಪ್ಟೆಂಬರಿನಲ್ಲಿ ಗಡಿಯಲ್ಲಿ ಯುದ್ಧ ನಡೆದಿತ್ತು. ಊರಿನಲ್ಲಿ ರೇಡಿಯೋ ಇದ್ದ ಮನೆಗಳು ಬೆರಳೆಣಿಕೆಯವು. ಮುಕುಂದಯ್ಯನವರ ಜಗಲಿ ಮಧ್ಯಾಹ್ನದ ವಾರ್ತೆಯ ಹೊತ್ತಿಗೆ ತುಂಬಿಹೋಗುತ್ತಿತ್ತು. ಅಂಥ ಒಂದು ಮಧ್ಯಾಹ್ನ, ಕೆಲಸದ ಹುಲಿಯಮ್ಮ ಪಡಸಾಲೆಯನ್ನು ಒರೆಸಿ, ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ಹೋಗಿದ್ದಳು. ತುಂಗಾ ಅಡಿಗೆಮನೆಯಲ್ಲಿ ಲೋಟಗಳನ್ನು ತೊಳೆಯುತ್ತಿದ್ದಳು. ಜಗಲಿಯಿಂದ ಕೋಟು ತೊಟ್ಟ ದನಿ ಬಂತು:

"ತುಂಗಾ, ಜೋರು ಮಾಡೇ. ಇಲ್ಲಿಗೆ ಕೇಳ್ತಿಲ್ಲ."

ಹುಡುಗಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿದಳು. ವಾರ್ತೆ ಜೋರಾಯಿತು. ಒಗ್ಗರಣೆಯ ಸೌಟು ಹಿಡಿದಿದ್ದ ವಾಗ್ದೇವಿಗೆ ಮತ್ತೇನೂ ಕೇಳಿಸಲಿಲ್ಲ. ತುಂಗಾ ಮರಳಿ ಬರಲಿಲ್ಲವೆಂಬುದಷ್ಟೇ ಮನಸ್ಸಿಗೆ ತಟ್ಟಿತು. ಹೋಗಿ ನೋಡಿದರೆ ಹುಡುಗಿ ಗೋಡೆಗೆ ಒರಗಿದಂತೆ ನಿಂತಿದ್ದಾಳೆ. ಬೆರಳುಗಳು ಕಡ್ಡಿಯನ್ನು ಕಚ್ಚಿ ಹಿಡಿದಿವೆ. ಬಾಯಿ ತೆರೆದಿದೆ, ದನಿ ಇಲ್ಲ. ವಾಗ್ದೇವಿ ಗೋಡೆಯ ವೈರನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕಿತ್ತೆಸೆದಳು. ರೇಡಿಯೋ ನಿಂತಿತು. ತುಂಗಾ ಕುಸಿದಳು. ಆ ನಿಶ್ಶಬ್ದದಲ್ಲಿ ಜಗಲಿಯಿಂದ ಯಾರೋ, "ಅಯ್ಯೋ, ಒಳ್ಳೇ ಹೊತ್ತಲ್ಲೇ ವಾರ್ತೆ ನಿಂತುಹೋಯ್ತಲ್ಲ!" ಎಂದರು.

ಅವಳು ಮತ್ತೆ ಏಳಲಿಲ್ಲ.

ಪಂಚನಾಮೆಗೆ ಪಟೇಲ ಜಟ್ಟಿಂಗಪ್ಪನವರು ಬಂದರು. ಮುಕುಂದಯ್ಯನವರು ಬಿಳಿಚಿಹೋಗಿದ್ದರು. ಆದರೆ ಕೋಟು ತೊಟ್ಟಿದ್ದರು. ಪಟೇಲರು ಕೇಳಿದ ಪ್ರಶ್ನೆಗೆ ವಾಗ್ದೇವಿ ನೇರವಾಗಿ ಉತ್ತರ ಕೊಟ್ಟಳು: "ರೇಡಿಯೋದಲ್ಲಿ ಕರೆಂಟು ಹೊಡೀತು. ನನಗೂ ಹೊಡೀತಿತ್ತು. ಇವರಿಗೆ ಹೇಳಿದ್ದೆ."

ಆಗ ಗಂಡ ಹೆಂಡತಿಯ ಕಡೆ ತಿರುಗಿದರು. ಆ ದನಿಯನ್ನು ಅವಳು ಕೋರ್ಟಿನಲ್ಲಿ ಕೇಳಿರಲಿಲ್ಲ, ಆದರೆ ಅದು ಅಲ್ಲಿಯದೇ ಎಂದು ಗೊತ್ತಾಯಿತು.

"ದಿನಾಲೂ ಹೊಡೀತಿತ್ತಾ?"

"ಇಲ್ಲ. ಕೆಲವು ದಿನ."

"ನಾನು ಮುಟ್ಟಿದಾಗ ಹೊಡೆದದ್ದು ನೋಡಿದೀಯಾ?"

"ಇಲ್ಲ."

"ನೆಲ ಒದ್ದೆ ಇತ್ತಾ?"

"ಇತ್ತು."

"ಒದ್ದೆ ಮಾಡಿದ್ದು ಯಾರು?"

ಹಿತ್ತಿಲ ಬಾಗಿಲಲ್ಲಿ ಹುಲಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ವಾಗ್ದೇವಿಗೆ ಪ್ರಶ್ನೆಗಳ ದಾರಿ ಎಲ್ಲಿಗೆ ಹೋಗುತ್ತಿದೆಯೆಂದು ಹೊಳೆಯಿತು. ಅವಳು ಗಂಡನನ್ನು ಬಿಟ್ಟು ಪಟೇಲರನ್ನು ನೋಡಿ ಹೇಳಿದಳು: "ಜೋರು ಮಾಡು ಅಂತ ಇವರು ಕರೆದ್ರು. ಅದಕ್ಕೆ ಅವಳು ಓಡಿ ಬಂದ್ಲು. ಅದನ್ನ ಬರ್ಕೊಳ್ಳಿ ಪಟೇಲ್ರೇ."

ಜಟ್ಟಿಂಗಪ್ಪನವರು ವಕೀಲರ ಮುಖ ನೋಡಿದರು. ವಕೀಲರು, "ದುಃಖದಲ್ಲಿದ್ದಾಳೆ" ಎಂದರು. ಒದ್ದೆ ನೆಲದಲ್ಲಿ ಜಾರಿ, ಮೊದಲೇ ದುರ್ಬಲವಾಗಿದ್ದ ಎದೆ ನಿಂತು ಸತ್ತಳೆಂದು ಬರೆದುಕೊಂಡದ್ದಾಯಿತು. ತುಂಗಾಳ ಎದೆಯಲ್ಲಿ ದೌರ್ಬಲ್ಯವಿತ್ತೆಂಬುದಕ್ಕೆ ಸಾಕ್ಷಿ ಏನೆಂದು ಯಾರೂ ಕೇಳಲಿಲ್ಲ.

ಹುಲಿಯಮ್ಮ ಮತ್ತೆ ಕೆಲಸಕ್ಕೆ ಬರಲಿಲ್ಲ. ಊರಿನ ಬೇರೆ ಮನೆಗಳೂ ಅವಳನ್ನು ಕರೆಯಲಿಲ್ಲ. ವಕೀಲರ ತಂಗಿಯನ್ನು ಕೊಂದ ಒರೆಸುಬಟ್ಟೆ ಎಂಬ ಮಾತು ಹೇಗೋ ಹಬ್ಬಿಬಿಟ್ಟಿತ್ತು. ಹೊಳೆಬಾಗಿಲಿನ ಕಡೆ ಮಗಳ ಮನೆಗೆ ಹೊರಡುವ ದಿನ ಅವಳು ಹಿತ್ತಿಲಿಗೆ ಬಂದು, "ಅಮ್ಮಾ, ನಾ ದಿನಾ ಒರಸ್ತಿದ್ದ ನೆಲಾನೇ ಅಲ್ದಾ ಅದು?" ಎಂದು ಕೇಳಿದಳು. ಬೈಯಲಿಲ್ಲ, ಅಳಲೂ ಇಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ವಾಗ್ದೇವಿ ಅವಳ ಕೈ ಹಿಡಿದುಕೊಂಡು ನಿಂತಳು.

ತಿಥಿಯೆಲ್ಲ ಮುಗಿದು ಮನೆ ಬರಿದಾದ ಮೇಲೆ ಒಂದು ಬೆಳಿಗ್ಗೆ ವಾಗ್ದೇವಿ ಹೂ ಕೊಯ್ದು ಒಳಗೆ ಬರುತ್ತಿದ್ದವಳು ಪಡಸಾಲೆಯ ಬಾಗಿಲಲ್ಲಿ ತಡೆದು ನಿಂತಳು. ಮುಕುಂದಯ್ಯನವರು ರೇಡಿಯೋದ ಎದುರು, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು. ಹಾವುಗೆಗಳು ಪಕ್ಕದಲ್ಲಿದ್ದವು. ಎಂದೂ ಬಿಸಿಲು ಕಾಣದ ಬೆಳ್ಳನೆಯ ಅಂಗಾಲುಗಳು ನೆಲದ ಮೇಲಿದ್ದವು. ಅವರು ವೈರು ಸಿಕ್ಕಿಸಿ ಬೆರಳಿನ ತುದಿಯಿಂದ ಕಡ್ಡಿಯನ್ನು ಸೋಕಿದರು, ಏನೂ ಆಗಲಿಲ್ಲ. ವೈರನ್ನು ಕಿತ್ತು, ತಿರುಗಿಸಿ ಸಿಕ್ಕಿಸಿ, ಮತ್ತೆ ಸೋಕಿದರು. ಇಡೀ ಮೈ ಒಮ್ಮೆ ಜಗ್ಗಿತು. ಕೈಯನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ನಿಂತರು. ಅವರ ಭುಜ ಅಲುಗಿದ್ದನ್ನು ಅವಳು ಕಂಡಳು. ಈಗ ತಿರುಗುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡು ಅವಳು ಕಾದಳು. ಒಂದು ಮಾತು ಬಂದಿದ್ದರೆ ಅವಳು ಅಲ್ಲೇ ಅವರ ಪಕ್ಕದಲ್ಲಿ ಕುಳಿತು ಅತ್ತುಬಿಡುತ್ತಿದ್ದಳು. ಅವರು ಹಾವುಗೆ ಮೆಟ್ಟಿದರು. ಹೂಬುಟ್ಟಿ ಹಿಡಿದ ಹೆಂಡತಿಯನ್ನು ದಾಟಿ ಹೊರಗೆ ಹೋದರು. ಮರುದಿನ ರೇಡಿಯೋ ಸಾಗರಕ್ಕೆ ಹೋಗಿ, ಹೊಸ ತಿರುಪಿನೊಂದಿಗೆ ಬಂತು.

ಆಮೇಲೆ ಅವರಿಗೊಂದು ಹೊಸ ಹವ್ಯಾಸ ಹುಟ್ಟಿತು. ಊರಿನಲ್ಲಿ ಯಾರ ಮನೆಗೆ ರೇಡಿಯೋ ಬಂದರೂ, ಗ್ರಾಮಫೋನಿಗೆ ಕರೆಂಟು ಜೋಡಿಸಿದರೂ, ಮುಕುಂದಯ್ಯನವರು ಕರೆಯದೆ ಹೋಗಿ ಉಪದೇಶ ಮಾಡತೊಡಗಿದರು. ಒಡೆದ ತಿರುಪನ್ನು ಒಂದು ದಿನವೂ ಹಾಗೇ ಬಿಡಬಾರದು, ಏಕೆಂದರೆ ಕೆಲವು ರೇಡಿಯೋಗಳ ಒಳಗಿನ ಲೋಹಕ್ಕೆ ನೇರ ಗೋಡೆಯ ಕರೆಂಟೇ ಹತ್ತಿರುತ್ತದೆ. ವೈರನ್ನು ಒಂದು ದಿಕ್ಕಿನಲ್ಲಿ ಸಿಕ್ಕಿಸಿದರೆ ಹೊಡೆಯದು, ಇನ್ನೊಂದು ದಿಕ್ಕಿನಲ್ಲಿ ಹೊಡೆಯುತ್ತದೆ. ಒದ್ದೆ ಕೈ, ಬರಿಗಾಲು ಸಲ್ಲದು. ಗುಡುಗು ಬಂದರೆ ಏರಿಯಲ್ ತಂತಿಯನ್ನು ಕಳಚಿಡಬೇಕು. ಮನೆಯ ಹೆಂಗಸರು ಚುರುಕ್ಕೆಂದಿತು ಎಂದರೆ ಅಸಡ್ಡೆ ಮಾಡಬಾರದು. ಇದನ್ನೂ ಹೇಳುತ್ತಿದ್ದರು, ಅದೇ ಗಂಭೀರ ದನಿಯಲ್ಲಿ. ಊರು ತಲೆದೂಗಿತು. ನಿಜಕ್ಕೂ ಉಪಕಾರವೇ ಆಯಿತು: ಎಷ್ಟೋ ಮನೆಗಳಲ್ಲಿ ಒಡೆದ ತಿರುಪುಗಳು ಸರಿಯಾದವು.

ಮಹಾಗಣಪತಿ ಮೇಷ್ಟರ ಮನೆಗೆ ರೇಡಿಯೋ ಬಂದಾಗ ಅಲ್ಲಿಗೆ ವಾಗ್ದೇವಿಯೂ ಹೋಗಿದ್ದಳು. ಎಲ್ಲವನ್ನೂ ಕೇಳಿದ ಮೇಷ್ಟರು ಬೆರಗಿನಿಂದ, "ಇದೆಲ್ಲ ನಿಮಗೆ ಹ್ಯಾಗೆ ಗೊತ್ತಾಯ್ತು ವಕೀಲ್ರೇ?" ಎಂದರು.

"ಓದಿ ತಿಳ್ಕೊಂಡೆ" ಎಂದರು ಮುಕುಂದಯ್ಯನವರು.

ವಾಗ್ದೇವಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು. "ಓದಿ ಅಲ್ಲ ಮೇಷ್ಟ್ರೇ. ತುಂಗಾ ಸತ್ತ ಮೇಲೆ ತಿಳ್ಕೊಂಡ್ರು. ಅದಕ್ಕೂ ಮೊದಲು ನಾನು ಹೇಳಿದ್ದೆ."

ಮೇಷ್ಟರ ಹೆಂಡತಿ ತಲೆ ತಗ್ಗಿಸಿದಳು. ಮುಕುಂದಯ್ಯನವರು ಯಾರನ್ನೂ ನೋಡದೆ, ಮಳೆ ಬರುವ ಹಾಗಿದೆ, ಹೊರಡೋಣ ಎಂದರು. ಉಪದೇಶ ನಿಲ್ಲಲಿಲ್ಲ; ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು ಮಾತ್ರ ನಿಂತಿತು.

ಮುಕುಂದಯ್ಯನವರಂಥವರು ಸುಳ್ಳುಗಾರರಲ್ಲ, ಕ್ರೂರಿಗಳೂ ಅಲ್ಲ. ಅವರನ್ನು ದ್ವೇಷಿಸುವುದು ಸುಲಭವಾಗಿದ್ದರೆ ಅವರೊಡನೆ ಬಾಳುವುದೂ ಸುಲಭವಾಗುತ್ತಿತ್ತು. ಪರರ ನೋವು ಅವರಿಗೆ ತಮ್ಮ ಚರ್ಮಕ್ಕೆ ತಾಗುವವರೆಗೆ ಕೇವಲ ಒಂದು ವಾದ. ತಾಗಿದ ಮೇಲೆ ಅದು ಅವರದೇ ಜ್ಞಾನ. ಆ ಜ್ಞಾನವನ್ನು ಅವರು ಔದಾರ್ಯದಿಂದ ಹಂಚುತ್ತಾರೆ, ಅದರಿಂದ ನಾಲ್ಕು ಜೀವ ಉಳಿಯುತ್ತವೆ, ಉಳಿದವರು ಅವರಿಗೆ ಕೈಮುಗಿಯುತ್ತಾರೆ, ಮುಗಿಯಬೇಕಾದದ್ದೇ. ಒಪ್ಪಿಕೊಂಡೆ ಎಂಬ ಒಂದು ಮಾತನ್ನು ಮಾತ್ರ ಅವರು ಊರಿಗೆಲ್ಲ ಉಪಕಾರ ಮಾಡಿಯಾದರೂ ತಪ್ಪಿಸಿಕೊಳ್ಳುತ್ತಾರೆ. ಅಂಥವರ ಮನೆಯಲ್ಲಿ ಆ ಮಾತಿಗಾಗಿ ಕಾದ ಒಬ್ಬಳು ಇರುತ್ತಾಳೆ. ಒಂದು ವಯಸ್ಸಿನ ಮೇಲೆ ಅವಳೂ ಕಾಯುವುದನ್ನು ಬಿಡುತ್ತಾಳೆ. ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ತನಗಾಗಿ ಏನನ್ನೂ ಹೇಳುವುದಿಲ್ಲ. ಹೊರಗಿನವರು ಅದನ್ನು ನೋಡಿ, ಹೊಂದಿಕೊಂಡು ಬಾಳುವ ಸಂಸಾರ ಎನ್ನುತ್ತಾರೆ.