ಎರಡೂ ಕಡೆ ಇಡದ ಫೋನು

ಸಂಜೆಗೆ ಎಂದಿದ್ದ ಅಮ್ಮನ ಆಪರೇಷನ್ನನ್ನು ಬೆಳಗ್ಗೆಯೇ ಎಂದುಬಿಟ್ಟರು. ಮೊದಲು ಹೋಗಬೇಕಿದ್ದ ರೋಗಿಗೆ ಜ್ವರ ಬಂದಿತ್ತಂತೆ. ನರ್ಸ್ ಹಸಿರು ಗೌನು ತಂದು ಮಂಚದ ಮೇಲಿಟ್ಟು, "ಕನ್ನಡಕ, ಉಂಗುರ, ಹಲ್ಲಿನ ಸೆಟ್ಟು ಎಲ್ಲ ತೆಗ್ದು ಮಗಳ ಕೈಗೆ ಕೊಡಿ ಅಜ್ಜಿ" ಎಂದಳು. ಅಮ್ಮ ಗೌನು ತೊಟ್ಟಳು, ಕನ್ನಡಕ ಕೊಟ್ಟಳು, ಉಂಗುರ ಕೊಟ್ಟಳು. ಹಲ್ಲು ಕೊಡಲಿಲ್ಲ.

"ಮೊದ್ಲು ನಿಮ್ಮಪ್ಪನ ಹತ್ರ ಮಾತಾಡ್ಬೇಕು. ಹಲ್ಲಿಲ್ದೆ ಏನು ಮಾತಾಡ್ಲಿ?"

"ಆಮೇಲೆ ಮಾತಾಡಮ್ಮ."

"ಆಮೇಲೆ ಅನ್ನೋದು ಒಂದಿದ್ರೆ ತಾನೆ?"

ಅಮ್ಮ ಹೆದರಿದ್ದಳು. ಪಿತ್ತಕೋಶದ ಕಲ್ಲು ತೆಗೆಯುವುದು ಈಗ ಏನೂ ದೊಡ್ಡ ವಿಷಯವಲ್ಲ ಎಂದು ಡಾಕ್ಟರು ನಗುತ್ತ ಹೇಳಿದ್ದರು. ಅವರಿಗೇನು, ಹೊಟ್ಟೆ ಅಮ್ಮನದು. ಅಪ್ಪನ ಧ್ವನಿ ಒಮ್ಮೆ ಕೇಳದೆ ಒಳಗೆ ಹೋಗುವುದಿಲ್ಲ ಎಂದು ಮಂಚದ ಕಂಬಿ ಹಿಡಿದು ಕೂತುಬಿಟ್ಟಳು. ಮಂಡಿನೋವಿನ ಅಪ್ಪ, ಸಂಜೆ ಬಂದರಾಯಿತು ಎಂದು ಮನೆಯಲ್ಲೇ ಇದ್ದರು. ನಾನು ಫೋನ್ ಮಾಡಿದೆ.

"ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ."

ಮತ್ತೆ ಮಾಡಿದೆ. ನಿರತರಾಗಿದ್ದಾರೆ. ಇನ್ನೊಮ್ಮೆ ಮಾಡಿದೆ. ಇನ್ನೂ ನಿರತರಾಗಿದ್ದಾರೆ.

ನನ್ನ ಮೈಯೆಲ್ಲ ಉರಿಯಿತು. ಅಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಬಟ್ಟೆ ಗಿರಣಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಬೋರ್ಡಿನ ಮೇಲೆ ಪುಟ್ಟ ದೀಪ ಹತ್ತಿದರೆ ವೈರಿನ ತುದಿಯನ್ನು ತೂತಿಗೆ ಚುಚ್ಚಿ ಮಗ್ಗದ ವಿಭಾಗಕ್ಕೋ ಮ್ಯಾನೇಜರಿಗೋ ಜೋಡಿಸಬೇಕು. ಆ ಕುರ್ಚಿಯ ಕಟ್ಟಳೆ ಒಂದೇ: ಕರೆ ಮಾಡಿದವರು ಇಡುವ ತನಕ ಆಪರೇಟರ್ ಇಡಬಾರದು. ಗಿರಣಿ ಮುಚ್ಚಿತು, ಬೋರ್ಡು ಗುಜರಿಗೆ ಹೋಯಿತು, ಕಟ್ಟಳೆ ಮಾತ್ರ ನೆಟ್ಟಗೆ ನಮ್ಮ ಮನೆಗೆ ಬಂತು. ಈಗ ಅಪ್ಪನ ಮೊಬೈಲಿಗೆ ಸೈಟು ಮಾರುವವರು ಮಾಡಲಿ, ಸೋಫಾ ಮಾರುವವರು ಮಾಡಲಿ, "ನಮಸ್ಕಾರ, ಹೇಳಿ" ಎಂದು ಶುರುಮಾಡಿದರೆ ಮುಗಿಯಿತು. ಆ ಕಡೆಯವರಾಗಿ ಇಡುವವರೆಗೆ ಕಿವಿಯಿಂದ ತೆಗೆಯುವುದಿಲ್ಲ. ನಡುವೆ ಇನ್ನೊಂದು ಕರೆ ಟುಕ್ ಟುಕ್ ಎಂದರೆ ಅದಕ್ಕೆ ಕಿವಿಗೊಡುವುದು ಅಸಭ್ಯತೆಯಂತೆ. ಕೆಂಪು ಗುಂಡಿ ಒತ್ತಪ್ಪ ಎಂದು ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೆ ಅದಾದರೂ ಒಂದು ಸಲ ತಲೆ ಆಡಿಸುತ್ತಿತ್ತು.

"ಮಾತಾಡ್ತಿರೋರ ಮುಖದ ಮೇಲೆ ಬಾಗಿಲು ಹಾಕಿದ ಹಾಗಲ್ವೇನೆ ಅದು?" ಎನ್ನುತ್ತಿದ್ದರು ಅಪ್ಪ. ಬಾಗಿಲು ಹಾಕುವುದಿರಲಿ, ಚಿಲಕ ಎಲ್ಲಿದೆ ಎಂದೇ ಅವರು ಕಲಿತಿರಲಿಲ್ಲ.

ಸ್ಟ್ರೆಚರ್ ತಳ್ಳುವವನು ಬಂದು ಬಾಗಿಲಲ್ಲಿ ನಿಂತ. "ಹೋಗೋಣ್ವಾ?"

"ಒಂದೇ ನಿಮಿಷ ಅಣ್ಣಾ" ಎಂದು ನಾನು ನಮ್ಮ ಕೆಳಗಿನ ಮನೆಯ ಟೈಲರ್ ಮಾಮನಿಗೆ ಫೋನ್ ಮಾಡಿದೆ. ಪಾಪ, ಹೊಲಿಗೆ ಬಿಟ್ಟು ಮೆಟ್ಟಿಲು ಹತ್ತಿದರು. ಅವರು ಏದುಸಿರು ಬಿಡುವುದು ನನಗೆ ಕೇಳುತ್ತಿತ್ತು.

"ಏನು ಮಾಡ್ತಿದಾರೆ ಮಾಮ?"

"ಫೋನಲ್ಲಿದಾರಮ್ಮ. ನನಗೆ ಕೂತ್ಕೋ ಅಂತ ಸನ್ನೆ ಮಾಡ್ತಿದಾರೆ."

"ಕೂತ್ಕೋಬೇಡಿ! ಸ್ಪೀಕರ್ ಹಾಕಿ ಅಪ್ಪನ ಮುಂದೆ ಹಿಡೀರಿ!"

ಹಿಡಿದರು. ಅಪ್ಪ ತಮ್ಮ ಫೋನನ್ನು ಎಂದಿನಂತೆ ಇಡೀ ಬೀದಿಗೆ ಕೇಳುವಂತೆ ಇಟ್ಟುಕೊಂಡಿದ್ದರಿಂದ ಆ ಕಡೆಯ ಹುಡುಗಿಯ ಮಾತೂ ನಮ್ಮ ವಾರ್ಡಿನ ತನಕ ಬಂತು. ನೀರಿನ ಫಿಲ್ಟರ್ ಮಾರುವವಳು. ಮಾರುವ ಮಾತು ಯಾವಾಗಲೋ ಮುಗಿದಿತ್ತು.

"ಸಾರ್, ನಿಮಗೆ ಬೇಡ ಅಂದ್ರೆ ಕಟ್ ಮಾಡಿ ಸಾರ್."

"ಕರೆ ಮಾಡಿದ್ದು ನೀವಮ್ಮ. ನೀವೇ ಇಡಬೇಕು."

"ನಮ್ಮ ಆಫೀಸಲ್ಲಿ ಕಸ್ಟಮರ್‌ಗಿಂತ ಮೊದ್ಲು ನಾವು ಇಡೋ ಹಾಗಿಲ್ಲ ಸಾರ್. ಬೈತಾರೆ."

"ಅದು ಸರಿಯಾದ ನಿಯಮ. ಆದ್ರೆ ನಾನೂ ಇಡೋ ಹಾಗಿಲ್ಲ."

ನಾನು ಹಣೆ ಚಚ್ಚಿಕೊಂಡೆ. ಸೇರಿಗೆ ಸವ್ವಾಸೇರು ಎಂದರೆ ಇದೇ ಇರಬೇಕು. ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ರೀ!" ಎಂದು ಕೂಗಿದಳು.

ಅಪ್ಪ ಗಿರಣಿಯ ಕಾಲದ ಅದೇ ನಯವಾದ ದನಿಯಲ್ಲಿ, "ಹಲೋ, ಯಾರು ಬೇಕಾಗಿತ್ತು?" ಎಂದರು.

"ನೀವೇ ಬೇಕಾಗಿತ್ತು ಕಣ್ರೀ! ಇನ್ಯಾರು? ನನ್ನ ಈಗ್ಲೇ ಒಳಗೆ ಕರ್ಕೊಂಡು ಹೋಗ್ತಿದಾರೆ."

ಆ ಕಡೆ ಕುರ್ಚಿ ಕಿರ್ರೆಂದಿತು; ಅಪ್ಪ ಎದ್ದು ನಿಂತಿರಬೇಕು.

"ಸಂಜೆ ಅಂದಿದ್ರಲ್ಲೇ?" ಅಪ್ಪನ ನಯವೆಲ್ಲ ಎಲ್ಲಿ ಹೋಯಿತೋ. ಕೂಡಲೇ ಆ ಫಿಲ್ಟರ್ ಹುಡುಗಿಗೆ, "ತಾಯಿ, ದೊಡ್ಡ ಮನಸ್ಸು ಮಾಡಿ ಇಡಮ್ಮ. ನನ್ನ ಹೆಂಡ್ತಿ ಲೈನಲ್ಲಿದಾಳೆ. ಅವಳ ಹತ್ರ ಮಾತಾಡ್ಬೇಕು ನಾನು."

"ನೀವೇ ಕಟ್ ಮಾಡಿ ಸಾರ್, ಪ್ಲೀಸ್..."

"ಕೆಂಪು ಗುಂಡಿ ಒತ್ತಪ್ಪಾ!" ನಾನು ಕಿರುಚಿದೆ. ವಾರ್ಡಿನ ಮಂಚಗಳೆಲ್ಲ ನಮ್ಮ ಕಡೆ ತಿರುಗಿದವು.

"ಒತ್ತುತೀನಿ, ಒತ್ತುತೀನಿ, ಕೂಗ್ಬೇಡ. ಕೆಂಪು ತಾನೆ..."

"ಅಯ್ಯೋ, ಅದಲ್ಲ ಅಣ್ಣಾ, ಅದು ನನ್ನ ಫೋನು..." ಟೈಲರ್ ಮಾಮ ಅಷ್ಟು ಹೇಳುವಷ್ಟರಲ್ಲಿ ಎಲ್ಲ ನಿಶ್ಶಬ್ದವಾಯಿತು.

ಜನ್ಮದಲ್ಲಿ ಮೊದಲ ಸಲ ಅಪ್ಪ ಒಂದು ಕರೆಯನ್ನು ಕತ್ತರಿಸಿದ್ದರು. ಅದು ಅಮ್ಮನದು.

"ಇನ್ನು ಕಾಯೋಕಾಗಲ್ಲ, ಡಾಕ್ಟ್ರು ಬಂದಾಯ್ತು" ಎಂದ ಸ್ಟ್ರೆಚರಿನವನು. ನನಗೆ ಅಳು ಬರುವುದೊಂದು ಬಾಕಿ. ಅಪ್ಪನ ಮೇಲೆ, ಆ ಹುಡುಗಿಯ ಆಫೀಸಿನ ಮೇಲೆ, ಫೋನು ಕಂಡುಹಿಡಿದ ಪುಣ್ಯಾತ್ಮನ ಮೇಲೆ, ಯಾರ ಮೇಲೆ ಹರಿಹಾಯಬೇಕೋ ತಿಳಿಯಲಿಲ್ಲ. ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡು ಮತ್ತೆ ನಂಬರ್ ಒತ್ತುವಷ್ಟರಲ್ಲಿ ಅವನು ಸ್ಟ್ರೆಚರನ್ನು ಮಂಚಕ್ಕೆ ತಾಗಿಸಿ ನಿಲ್ಲಿಸಿದ.

ಅಮ್ಮ ಕಂಬಿ ಬಿಟ್ಟಳು. ಹಲ್ಲು ತೆಗೆದು ನನ್ನ ಅಂಗೈಗೆ ಹಾಕಿ, ಯಾರ ಕೈಯನ್ನೂ ಹಿಡಿಯದೆ ತಾನೇ ಸ್ಟ್ರೆಚರ್ ಹತ್ತಿ ಮಲಗಿದಳು. ಮುಖ ಕೆಂಪಗಾಗಿತ್ತು.

"ಊರವರಿಗೆಲ್ಲ ಲೈನ್ ಕೊಟ್ಟ ಮನುಷ್ಯ!" ಬೊಚ್ಚುಬಾಯಲ್ಲೇ ಶುರುಮಾಡಿದಳು. "ಯಾವಳೋ ಫಿಲ್ಟರ್ ಮಾರೋಳಿಗೆ ಮರ್ಯಾದೆ, ಕಟ್ಕೊಂಡೋಳಿಗೆ ಕೆಂಪು ಗುಂಡಿ!"

ಗಾಡಿ ಕಾರಿಡಾರಿನಲ್ಲಿ ಉರುಳುತ್ತಿತ್ತು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ತಳ್ಳುವವನು ನಗು ತಡೆಯಲು ಗೋಡೆಯ ಕಡೆ ನೋಡುತ್ತಿದ್ದ. ಆಪರೇಷನ್ ಕೋಣೆಯ ಬಾಗಿಲಲ್ಲಿ ಅಮ್ಮ ತಲೆಯೆತ್ತಿ ನನ್ನ ರಟ್ಟೆ ಹಿಡಿದಳು.

"ನೋಡು, ಈಗ್ಲೇ ಒಂದು ಆಟೋ ಮಾಡಿ ಅವರನ್ನ ಕರೆಸು. ನನಗೆ ಎಚ್ಚರ ಆದಾಗ ಕಣ್ಣೆದುರಿಗೇ ಇರ್ಬೇಕು ಅವರು. ಸರಿಯಾಗಿ ಬೈಯೋದಿದೆ."

ಹೂಂ ಎಂದೆ. ಅವಳನ್ನು ಒಳಗೆ ಕರೆದುಕೊಂಡು ಹೋದರು.